ಕರೆಂಟ್ ಕೊಟ್ಟ ಡಿಶ್‌ನಲ್ಲಿ ಮಾತ್ರ ಕಾಂಡಕೋಶ (ಸ್ಟೆಮ್ ಸೆಲ್) ಸಾಯುತ್ತಿವೆ, ಏನು ಮಾಡಲಿ?

ಕಾರವಾರದಿಂದ:
ನಮಸ್ಕಾರ. ಬೈತಖೋಲ ಬಂದರಿನಿಂದ ತಂದ ಸಿಗಡಿ ಸಿಪ್ಪೆಯಲ್ಲಿ ಕೈಟೋಸಾನ್ ತೆಗೆದು, ಹಾಳೆ ಮಾಡಿ, ಮೇಲೆ ಕರೆಂಟ್ ಹರಿಸುವ ಪ್ಲಾಸ್ಟಿಕ್ ಆದ ಪಾಲಿಪಿರೋಲ್ ಲೇಪ ಕೊಟ್ಟಿದ್ದೇನೆ. ಅದರ ಮೇಲೆ ಮೂಳೆ ಮಜ್ಜೆಯ ಕಾಂಡಕೋಶ ಬೆಳೆಸುತ್ತಿದ್ದೇನೆ. ದಿನಕ್ಕೊಂದು ಗಂಟೆ 3 ವೋಲ್ಟ್, ಎರಡು ಬ್ಯಾಟರಿಯಿಂದ, ಸ್ಟೀಲ್ ತಂತಿ ನೇರ ಮೀಡಿಯಾದೊಳಗೆ (ಕೋಶ ಬೆಳೆಸುವ ಪೋಷಕ ದ್ರವ). ಮೂರನೇ ದಿನ ತಂತಿ ಹತ್ತಿರದ ಕೋಶಗಳೆಲ್ಲ ಗುಂಡಗಾಗಿ ತೇಲುತ್ತಿದ್ದವು. ಕರೆಂಟ್ ಕೊಡದ ಡಿಶ್‌ನಲ್ಲಿ ಇದೇ ಹಾಳೆಯ ಮೇಲೆ ಚೆನ್ನಾಗಿವೆ. ಲೇಪದಲ್ಲಿ ರಾಸಾಯನಿಕ ಉಳಿದಿದೆಯಾ? ಅಥವಾ ಈ ಮಳೆಗಾಲದ ತೇವಕ್ಕೆ ಹಾಳೆ ಕೆಟ್ಟಿತಾ? ಎರಡು ತಿಂಗಳ ಕೆಲಸ, ನಿದ್ದೆ ಬರ್ತಿಲ್ಲ.

ಶಿರಸಿಯಿಂದ:
ಹಾಳೆಯನ್ನು ಬೈಯಬೇಡಿ ಮಾರಾಯ್ರೆ. ಅದೇ ಹಾಳೆ ಪಕ್ಕದ ಡಿಶ್‌ನಲ್ಲಿ ಚೆನ್ನಾಗಿದೆ ಅಂತ ನೀವೇ ಹೇಳಿದ್ದೀರಿ, ಅಲ್ವಾ? ನನಗೆ ಅನುಮಾನ ತಂತಿಯ ಮೇಲೆ. ನೀರು ಒಡೆಯಲು 1.23 ವೋಲ್ಟ್ ದಾಟಿದರೆ ಸಾಕು, ನಿಮ್ಮದು 3. ಒಂದು ತಂತಿಯ ಬಳಿ ಆಮ್ಲ, ಇನ್ನೊಂದರ ಬಳಿ ಕ್ಷಾರ ಹುಟ್ಟುತ್ತದೆ, ಜೊತೆಗೆ ಸ್ಟೀಲ್‌ನಿಂದ ಕಬ್ಬಿಣ, ನಿಕ್ಕಲ್ ಕರಗಿ ಮೀಡಿಯಾಕ್ಕೆ ಸೇರುತ್ತದೆ. ಮೀಡಿಯಾದಲ್ಲಿ ಆಮ್ಲ-ಕ್ಷಾರಕ್ಕೆ ಬಣ್ಣ ಬದಲಿಸುವ ಫೀನಾಲ್ ರೆಡ್ ಇದ್ದರೆ ಕರೆಂಟ್ ಹಾಕಿ ಬಿಳಿ ಕಾಗದದ ಮೇಲಿಟ್ಟು ನೋಡಿ. ಪ್ಲಸ್ ತಂತಿಯ ಸುತ್ತ ಹಳದಿ, ಮೈನಸ್ ಕಡೆ ಗಾಢ ಗುಲಾಬಿ ಕಾಣಬೇಕು.

ಖಾತ್ರಿ ಮಾಡಿಕೊಳ್ಳಲು ಕೋಶವಿಲ್ಲದ ಡಿಶ್‌ಗೆ ಒಂದು ಗಂಟೆ ಕರೆಂಟ್ ಕೊಡಿ. ಆ ಮೀಡಿಯಾವನ್ನು ಕರೆಂಟನ್ನೇ ಕಾಣದ ಕೋಶಗಳಿಗೆ ಹಾಕಿ. ಅವೂ ಸತ್ತರೆ ಕೊಂದದ್ದು ಮೀಡಿಯಾಕ್ಕೆ ಸೇರಿದ ಕೆಡುಕು.

ಕಾರವಾರದಿಂದ:
ನೋಡಿದೆ ಸರ್. ಹತ್ತು ನಿಮಿಷಕ್ಕೇ ಹಳದಿ ಉಂಗುರ, ಮೈನಸ್ ಕಡೆ ಸಣ್ಣ ಸಣ್ಣ ಗುಳ್ಳೆ. ಮೀಡಿಯಾ ಹಾಕಿದ ಕೋಶಗಳೂ ಮರುದಿನ ಉದುರಿದವು. ಈಗ ಏನು ಮಾಡಲಿ?

ಶಿರಸಿಯಿಂದ:
ತಂತಿ ಡಿಶ್‌ನೊಳಗೆ ಇಳಿಯಲೇಬಾರದು. ಪಿಬಿಎಸ್‌ನಲ್ಲಿ (ಕೋಶಗಳಿಗೆ ಒಗ್ಗುವ ಫಾಸ್ಫೇಟ್ ಉಪ್ಪುನೀರು) 2% ಅಗಾರ್ ಕರಗಿಸಿ ಗಾಜಿನ ಬಾಗಿದ ಕೊಳವೆಯಲ್ಲಿ ತುಂಬಿ. ಬೀಕರ್ ಮತ್ತು ಡಿಶ್ ನಡುವೆ ಕರೆಂಟ್ ದಾಟಿಸುವ ಸೇತುವೆ ಅದೇ, ಎರಡೂ ಬದಿಗೆ ಒಂದೊಂದು. ತಂತಿಗಳು ಹೊರಗಿನ ಎರಡು ಉಪ್ಪುನೀರಿನ ಬೀಕರ್‌ನಲ್ಲಿರಲಿ, ಸ್ಟೀಲ್ ಬೇಡ, ಬೆಳ್ಳಿ ತಂತಿಗೆ ಕ್ಲೋರೈಡ್ ಲೇಪ ಮಾಡಿ. ಸೇತುವೆಯಲ್ಲೇ ಜಾಸ್ತಿ ವೋಲ್ಟೇಜ್ ಇಳಿದುಹೋಗುತ್ತದೆ, ಹಾಗಾಗಿ ಬ್ಯಾಟರಿಯ ಲೆಕ್ಕ ನಂಬದೆ ಡಿಶ್‌ನ ಎರಡು ತುದಿಯ ನಡುವೆ ಮೀಟರ್ ಇಟ್ಟು ಅಳೆಯಿರಿ. ಮಿಲಿಮೀಟರಿಗೆ 100 ಮಿಲಿವೋಲ್ಟ್ ಆಸುಪಾಸಿನಿಂದ ಶುರು ಮಾಡಿ, ಗಾಯದ ಅಂಚಿನಲ್ಲಿ ದೇಹವೇ ಹುಟ್ಟಿಸುವುದು ಹೆಚ್ಚುಕಡಿಮೆ ಅಷ್ಟೇ. ಕರೆಂಟ್ ಮುಗಿದ ಕೂಡಲೇ ಮೀಡಿಯಾ ಬದಲಿಸಿ.

ಇನ್ನೊಂದು ಮಾತು. ಪಾಲಿಪಿರೋಲ್ ಮೀಡಿಯಾದಲ್ಲಿ ನೆನೆಯುತ್ತಾ ನೆನೆಯುತ್ತಾ ಡೋಪ್ (ಕರೆಂಟ್ ಹರಿಯಲು ಅದರೊಳಗೆ ಸೇರಿಸಿದ ಅಯಾನು) ಕಳೆದುಕೊಳ್ಳುತ್ತದೆ, ಕರೆಂಟ್ ಹರಿಸುವ ಶಕ್ತಿ ಕುಗ್ಗುತ್ತದೆ. ಒಣಗಿದ ಹಾಳೆಯ ಅಳತೆ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಮೂರು ದಿನ ನೆನೆದದ್ದನ್ನೂ ಅಳೆಯಿರಿ.

ಕಾರವಾರದಿಂದ:
ಸೇತುವೆ ಹಾಕಿ ಇವತ್ತಿಗೆ ಐದನೇ ದಿನ. ಬಣ್ಣ ಬದಲಾಗಿಲ್ಲ, ಕೋಶಗಳು ಉದ್ದಕ್ಕೆ ಚಾಚಿಕೊಂಡು ಕೂತಿವೆ. ನೆನೆದ ಹಾಳೆಯ ರೋಧ ಮಾತ್ರ ನೀವು ಹೇಳಿದಂತೆ ಏರಿದೆ. ನಾಳೆ ಹೊಸ ಲೇಪದ ಹಾಳೆ ತೊಳೆಯಲು ಇಡುತ್ತೇನೆ.