ಪಕ್ಕದ ತಂಡದವರು ನಮ್ಮ ಸಂಜೆ ಪಾಠ ನೋಡಲು ಬರುತ್ತಾರಂತೆ, ಹೂಂ ಅನ್ನಲಾ?

ನಮ್ಮದು ಸಣ್ಣ ಕೇಂದ್ರ. ಸರ್ಕಾರಿ ಶಾಲೆಯ 4ರಿಂದ 7ನೇ ತರಗತಿಯ ಮಕ್ಕಳು, ಒಂದು 30 ಜನ, ಸಂಜೆ ಐದೂವರೆಯಿಂದ ಏಳರವರೆಗೆ ದೇವಸ್ಥಾನದ ಜಗಲಿಯಲ್ಲಿ ಕೂರುತ್ತಾರೆ. ಕಲಿಸುವವರು ನಾಲ್ವರು, ಯಾರಿಗೂ ಸಂಬಳವಿಲ್ಲ. ಇದೇ ಕೆಲಸ ಮಾಡುವ ಪಕ್ಕದ ಹೋಬಳಿಯ ತಂಡದವರು "ಒಂದು ದಿನ ನಾವು ಬಂದು ನೋಡುತ್ತೇವೆ, ಆಮೇಲೆ ನೀವು ನಮ್ಮಲ್ಲಿಗೆ ಬನ್ನಿ, ಕಂಡದ್ದನ್ನು ಹೇಳಿಕೊಳ್ಳೋಣ" ಅಂದಿದ್ದಾರೆ. ನನಗೇನೋ ಇಷ್ಟವೇ. ಆದರೆ ನಮ್ಮಲ್ಲಿ ಕಲಿಸುವ ಹುಡುಗಿಯೊಬ್ಬಳು "ಇನ್‌ಸ್ಪೆಕ್ಷನ್ನಾ?" ಅಂತ ಈಗಲೇ ಹೆದರಿದ್ದಾಳೆ. ಮಾಡಿ ನೋಡಿದವರು ಹೇಳಿ.

ಉತ್ತರ 1
ಹೂಂ ಅನ್ನಿ. ಆದರೆ ನಾವು ಎಡವಿದ ಕಡೆ ನೀವು ಎಡವಬೇಡಿ. ಮೊದಲ ಸಲ ಬಂದವರ ಕೈಯಲ್ಲಿ ನಾಲ್ಕು ಪುಟದ ಫಾರಂ ಇತ್ತು, ಎಲ್ಲದಕ್ಕೂ ಐದಕ್ಕೆ ಇಷ್ಟು ಅಂತ ಅಂಕ. ಅದು ಹೇಗೋ ನಮಗೆ ದುಡ್ಡು ಕೊಡುವವರ ಕೈ ಸೇರಿತು, "ಗಣಿತಕ್ಕೆ ಯಾಕೆ ಎರಡೇ?" ಅಂತ ಫೋನು ಬಂತು. ಮುಂದಿನ ಭೇಟಿಗೆ ನಮ್ಮವರೇ ಚೆನ್ನಾಗಿ ಓದುವ ಹತ್ತು ಮಕ್ಕಳನ್ನು ಮುಂದಿನ ಸಾಲಿಗೆ ತಂದು ಕೂರಿಸಿದರು. ನೋಡಿ ಏನು ಪ್ರಯೋಜನ? ಈಗ ಅಂಕವೇ ಇಲ್ಲ. ಬರೆದ ಹಾಳೆ ಒಂದೇ, ಅದನ್ನು ಕರೆದವರೇ ಇಟ್ಟುಕೊಳ್ಳುತ್ತಾರೆ.

ಇನ್ನೊಂದು, ಏನು ನೋಡಬೇಕು ಅಂತ ನೀವೇ ಹೇಳಿ, ಅದೂ ಒಂದೇ ಒಂದು. "ಎಲ್ಲಾ ನೋಡಿ" ಅಂದರೆ ಗೋಡೆಯ ಚಾರ್ಟು ಹೊಗಳಿ ಹೋಗುತ್ತಾರೆ. ನಾವು ಕೇಳಿದ್ದು, ಮಕ್ಕಳು ಭಾಗಾಕಾರದಲ್ಲಿ ಯಾಕೆ ನಿಂತುಬಿಡುತ್ತಾರೆ ಅಂತ. ಬಂದಾಕೆ ಬೋರ್ಡಿನ ಕಡೆ ತಲೆಯನ್ನೇ ಎತ್ತಲಿಲ್ಲ, ಮೂರು ಮಕ್ಕಳ ಹಿಂದೆ ಚಾಪೆಯ ಮೇಲೆ ಕೂತು ಅವರ ನೋಟ್‌ಬುಕ್ಕನ್ನೇ ನೋಡುತ್ತಿದ್ದರು. 824ನ್ನು 8ರಿಂದ ಭಾಗಿಸಿದರೆ ಮೂವರೂ 13 ಬರೆದಿದ್ದರು. 2ರಲ್ಲಿ 8 ಹೋಗುವುದಿಲ್ಲ ಅಂತ ಗೊತ್ತು, ಅಲ್ಲಿ ಸೊನ್ನೆ ಹಾಕಬೇಕು ಅಂತ ಗೊತ್ತಿಲ್ಲ. ನಾವು ಎರಡು ತಿಂಗಳಿಂದ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದೆವು! ಮಗ್ಗಿ ಅವರಿಗೆ ಬರುತ್ತಿತ್ತು, ಸ್ಥಾನಬೆಲೆ ಬರುತ್ತಿರಲಿಲ್ಲ. ದಿನಾ ಅಲ್ಲೇ ಇರುವ ನಮಗೆ ಅದು ಕಾಣಲಿಲ್ಲ.

ಉತ್ತರ 2
ನಾನು ಪ್ರೈಮರಿ ಮೇಷ್ಟ್ರು. ಆ ಹುಡುಗಿಗೆ ನಲಿ-ಕಲಿ ಹುಟ್ಟಿದ ಕಥೆ ಹೇಳಿ. (ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು.) 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರ ರಿಷಿ ವ್ಯಾಲಿಯವರು ನಡೆಸುವ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಮೇಷ್ಟ್ರುಗಳು ಇನ್ನೊಬ್ಬ ಮೇಷ್ಟ್ರ ಶಾಲೆ ನೋಡಲು ಹೋದದ್ದು, ಅಷ್ಟೇ. ಬಂದು ತಮ್ಮ ಮಕ್ಕಳಿಗೆ ತಾವೇ ಕಾರ್ಡು ಬರೆದರು.

ನೋಡುವುದು ಹೇಗೆ ಅಂದರೆ, ನಲಿ-ಕಲಿಯಲ್ಲಿ ಐದು ತಟ್ಟೆ, ಅಂದರೆ ಮಕ್ಕಳು ಕೂರುವ ಗುಂಪು, ಇರುತ್ತವೆ, ಶಿಕ್ಷಕರ ಪೂರ್ಣ ಸಹಾಯದಿಂದ ಹಿಡಿದು ಸ್ವಕಲಿಕೆಯವರೆಗೆ. ಬೇರೆ ಶಾಲೆಗೆ ಹೋದಾಗ ನಾನು ಮೊದಲು ನೋಡುವುದು ಶಿಕ್ಷಕರ ಪೂರ್ಣ ಸಹಾಯದ ತಟ್ಟೆಯಲ್ಲಿ ಯಾರಿದ್ದಾರೆ, ಎಷ್ಟು ದಿನದಿಂದ ಅಲ್ಲೇ ಇದ್ದಾರೆ ಅಂತ. ನಿಮ್ಮಲ್ಲಿ ತಟ್ಟೆ ಇಲ್ಲದಿದ್ದರೂ ಅಂಥ ಮಕ್ಕಳು ಇದ್ದೇ ಇರುತ್ತಾರೆ. (ಅಕ್ಕಪಕ್ಕದ ಶಾಲೆಗಳ ಮೇಷ್ಟ್ರುಗಳು ಸೇರುವ ನಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಯೂ ಹೀಗೆ ಒಬ್ಬರಿಂದೊಬ್ಬರು ಕಲಿಯುವುದಕ್ಕೇ ಇರುವುದು, ಆದರೆ ಅರ್ಧ ದಿನ ಸುತ್ತೋಲೆ ಓದುವುದರಲ್ಲೇ ಹೋಗುತ್ತದೆ, ಬಿಡಿ.)

ಉತ್ತರ 3
ನಮಗೆ ಒಗ್ಗಲಿಲ್ಲ. ಬಂದ ಮಹಾನುಭಾವರು ಹತ್ತು ನಿಮಿಷಕ್ಕೇ ಎದ್ದು ಚಾಕ್‌ಪೀಸ್ ಕಿತ್ತುಕೊಂಡು ತಾವೇ ಪಾಠ ಶುರು ಮಾಡಿದರು. ಬಾಯಿ ಮುಚ್ಚಿಕೊಂಡು ಕೂರಲು ಆಗುವವರನ್ನು ಮಾತ್ರ ಕರೆಯಿರಿ. ಬಸ್ ಚಾರ್ಜು ಯಾರದ್ದು ಅಂತಲೂ ಮೊದಲೇ ಮಾತಾಡಿ, ಆಮೇಲೆ ಮುಜುಗರ.

ಉತ್ತರ 4
ಮಕ್ಕಳ ಓದು ನೋಡುವುದಿದ್ದರೆ ಹೊಸ ಪರೀಕ್ಷೆ ಬೇಡ, ಹಳ್ಳಿ ಮಕ್ಕಳ ಓದು, ಲೆಕ್ಕ ಎಷ್ಟಿದೆ ಅಂತ ಮನೆಮನೆಗೆ ಹೋಗಿ ನೋಡುವ ಅಸರ್ (ASER) ಸಮೀಕ್ಷೆಯ ಓದಿನ ಹಾಳೆ ಸಾಕು. ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ, ಇಷ್ಟೇ ಇರುವುದು. ಪ್ಯಾರಾದಿಂದ ಶುರು ಮಾಡಿ. ಓದಿದರೆ ಕಥೆ ಕೊಡಿ, ತಡವರಿಸಿದರೆ ಪದಕ್ಕೆ ಬನ್ನಿ. ಒಬ್ಬೊಬ್ಬರನ್ನೇ ಕರೆಯಿರಿ, ಆದರೆ ಎಲ್ಲರ ಕಣ್ಣಿಗೆ ಕಾಣುವ ಜಾಗದಲ್ಲೇ ಕೂರಿಸಿಕೊಳ್ಳಿ. ಹೊರಗಿನವರ ಜೊತೆ ಮಗುವನ್ನು ಒಳಗೆ ಒಂಟಿಯಾಗಿ ಕಳಿಸಬೇಡಿ. ಹಾಳೆಯಲ್ಲಿ ಮಗುವಿನ ಹೆಸರು ಬೇಡ, ಫೋಟೋ ಅಂತೂ ಬೇಡವೇ ಬೇಡ. ಮತ್ತೆ, ಕಂಡದ್ದನ್ನು ಅವತ್ತೇ ಮಾತಾಡಿ ಮುಗಿಸಿ. ವಾರ ಬಿಟ್ಟರೆ ಹೊಗಳಿಕೆ ಮಾತ್ರ ಉಳಿಯುತ್ತದೆ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ನಾಲ್ವರೂ ಕೂತು ಪ್ರಶ್ನೆ ಹುಡುಕಿದೆವು. 6ನೇ ತರಗತಿಯ ಐವರು ಜೋರಾಗಿ ಓದುತ್ತಾರೆ, ಓದಿದ್ದು ಏನು ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಅವರ ಪಕ್ಕದಲ್ಲೇ ಕೂರಿ ಅಂತ ಹೇಳುತ್ತೇವೆ. ಬಂದವರಿಗೆ ಮಂಡಕ್ಕಿ, ಟೀ ಸಾಕಲ್ವಾ?

ಉತ್ತರ 1
ಜಾಸ್ತಿಯೇ ಆಯಿತು. ಮಕ್ಕಳು ಮನೆಗೆ ಹೋದ ಮೇಲೆ ಕೊಡಿ, ಇಲ್ಲದಿದ್ದರೆ ಎರಡೂ ಕಡೆಯವರ ಕಣ್ಣು ಮಂಡಕ್ಕಿಯ ಮೇಲೇ ಇರುತ್ತದೆ.