ಅಪ್‌ಡೇಟ್: ಡಿಕ್ಕಿಯಲ್ಲಿದ್ದ ಬೇಸ್ ಕೊನೆಗೂ ಮುಂದಿನ ಸೀಟಿಗೆ ಬಂತು

ಸೆಡಾನ್ ಡಿಕ್ಕಿಯಲ್ಲಿ 12 ಇಂಚಿನ ಎರಡು ಸಬ್‌ವೂಫರ್ (ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್) ಇದ್ದರೂ ಡ್ರೈವರ್ ಸೀಟಿನಲ್ಲಿ ಬೇಸ್ ಸಪ್ಪೆ, ಡಿಕ್ಕಿ ತೆಗೆದರೆ ಮಾತ್ರ ಧಂ ಧಂ ಅನ್ನುತ್ತೆ ಅಂತ ಕೇಳಿದ್ದೆನಲ್ಲ, ಅದು ಸರಿಹೋಯ್ತು.

ಬಾಕ್ಸ್ ತಿರುಗಿಸಿ ಎಂದವರಿಗೆ ಮೊದಲ ಥ್ಯಾಂಕ್ಸ್. ಸೀಟಿನ ಕಡೆ ಮುಖ ಮಾಡಿದ್ದ ಸ್ಪೀಕರ್‌ಗಳನ್ನು ಡಿಕ್ಕಿ ಬಾಗಿಲ ಕಡೆ ತಿರುಗಿಸಿ, ಬಾಕ್ಸನ್ನು ಹಿಂದಕ್ಕೆ ತಳ್ಳಿದೆ. ಸುಮಾರು ಅರ್ಧ ಗೆದ್ದಂತಾಯ್ತು. ಉಳಿದರ್ಧ ಆಂಪ್ಲಿಫೈಯರ್‌ನ ಫೇಸ್ ಸ್ವಿಚ್ಚಿನದು, ಅಂದರೆ ಸಬ್‌ವೂಫರ್‌ನ ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ ಸ್ವಿಚ್. ನನ್ನ ತಮ್ಮ ಡಿಕ್ಕಿ ಹತ್ತಿರ ನಿಂತು ಅದನ್ನು 0 ಡಿಗ್ರಿಯಿಂದ 180ಕ್ಕೆ ಹಾಕಿದ, ನಾನು ಸ್ಟೀರಿಂಗ್ ಹಿಂದೆ ಕೂತಿದ್ದೆ. ಒಂದೇ ಸಲಕ್ಕೆ ಎದೆಗೆ ಬಡಿಯಿತು! ಅಲ್ಲಿವರೆಗೆ ಡೋರ್ ಸ್ಪೀಕರ್‌ಗಳ ಬೇಸೂ ಸಬ್‌ನ ಬೇಸೂ ಒಂದನ್ನೊಂದು ತಿಂದುಹಾಕುತ್ತಿದ್ದವು, ಅಷ್ಟೇ. ನಿಮ್ಮ ಕಾರಿನಲ್ಲಿ 0 ಸರಿಯಾಗಿರಬಹುದು, ಎರಡೂ ಹಾಕಿ ಕೇಳಿ. ಲೋ-ಪಾಸ್ (ಸಬ್‌ಗೆ ತಗ್ಗು ಸದ್ದನ್ನಷ್ಟೇ ಬಿಡುವ ಫಿಲ್ಟರ್) 80 ಹರ್ಟ್ಸ್‌ನಲ್ಲಿದೆ.

ಬೇಸ್ ಬೂಸ್ಟ್ ಜಾಸ್ತಿ ಮಾಡುವ ಸಲಹೆ ನಡೆಯಲಿಲ್ಲ. ಸುಮ್ನೆ ಗುಂಯ್ ಅಂತು, ಆಂಪ್ ಬಿಸಿಯಾಯ್ತು.

ಗೊತ್ತೇ ಇರದ ಒಂದು ವಿಷಯ: ಹಿಂದಿನ ಸೀಟಿನ ಆರ್ಮ್‌ರೆಸ್ಟ್ ಇಳಿಸಿದರೆ ನನ್ನ ಕಾರಿನಲ್ಲಿ ಡಿಕ್ಕಿಗೆ ಒಂದು ಕಿಂಡಿ ಇದೆ. ಅದನ್ನು ತೆರೆದಿಟ್ಟರೆ ಬೇಸ್ ನೇರ ಒಳಗೆ ಬರುತ್ತದೆ. ಯಾರಾದರೂ ಹಿಂದೆ ಕೂತರೆ ಮುಚ್ಚಬೇಕು, ಪಾಪ.

ಈಗ ನಂಬರ್ ಪ್ಲೇಟ್ ಗಡಗಡ ಶುರುವಾಗಿತ್ತು. ಹಿಂದೆ ಫೋಮ್ ಟೇಪ್ ತುರುಕಿದೆ, ನಿಂತಿತು. ಹಿಂದಿನ ಸೀಟಿನ ಬೆನ್ನ ಹಿಂದಿರುವ ಪಾರ್ಸೆಲ್ ಟ್ರೇ ಮಾತ್ರ ಇನ್ನೂ ನಡುಗುತ್ತಿದೆ, ಸಂಬಳ ಬಂದ ಮೇಲೆ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸುತ್ತೇನೆ.