ಸಹಾಯ ಬೇಕು: ಮನೇಲಿ ಕುಟುಂಬ ಪ್ರಾರ್ಥನೆ ಹೇಗೆ ನಡೆಸ್ತೀರಾ?

ಎಲ್ರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ನಮ್ಮನೆಯವ್ರಿಗೆ ವಾರ ವಾರ ಶಿಫ್ಟ್ ಬದಲಾಗುತ್ತೆ, ಹಾಗಾಗಿ ಪ್ರಾರ್ಥನೆಗೆ ಒಂದು ಟೈಮ್ ಅಂತಾನೇ ಇಲ್ಲ, ಎಲ್ಲಾ ಕೂತ್ರೂ ಅತ್ತೆ 119ನೇ ಕೀರ್ತನೆ ತೆಗೀತಾರೆ, 176 ವಚನ ಕಣ್ರೀ, ಚಿಕ್ಕವನು ಅಲ್ಲೇ ತೂಕಡಿಸ್ತಾನೆ, ದೊಡ್ಡೋಳು ಸತ್ಯವೇದದ ಕೆಳಗೆ ಮೊಬೈಲ್ ಇಟ್ಕೊಂಡಿರ್ತಾಳೆ. ಅತ್ತೆಗೆ ಬೇಜಾರ್ ಮಾಡೋಕೆ ಇಷ್ಟ ಇಲ್ಲ, ಅವರ ಪ್ರಾರ್ಥನೆಯಿಂದಲೇ ಈ ಮನೆ ನಿಂತಿರೋದು. ಮಾರ್ಕನ ಸುವಾರ್ತೆ 16 ಅಧ್ಯಾಯ ಅಷ್ಟೇ, ಕಥೆ ತರ ಓಡುತ್ತೆ, ಊಟ ಆದ್ಮೇಲೆ ದಿನಾ ಸ್ವಲ್ಪ ಮಕ್ಕಳ ಕೈಲೇ ಓದಿಸೋಣ ಅಂತಿದೀನಿ, ಆದ್ರೆ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಆ ಗ್ರಾಂಥಿಕ ಕನ್ನಡ ಕಷ್ಟ. ನೀವು ಮಕ್ಕಳಿಗೆ ಯಾವುದು ಓದಿಸ್ತೀರಾ? ನೈಟ್ ಶಿಫ್ಟಲ್ಲಿರೋ ಅಪ್ಪನ್ನ ಫೋನಲ್ಲೇ ಸೇರಿಸ್ಕೊಂಡು ಪ್ರಾರ್ಥನೆ ಮಾಡೋರು ಯಾರಾದ್ರೂ ಇದೀರಾ? ಪ್ಲೀಸ್ ಹೇಳಿ, ಅತ್ತೆ ಒಪ್ಪೋ ಹಾಗಿರ್ಲಿ ಅಷ್ಟೇ.